ಕೇಳಿ, ಹೇಳ್ತೀನಿ: ಈ ಸಲ ಪೂರ್ತಿ ಸೌಂಡ್ ಓದೋರ ಪ್ರಶ್ನೆಗಳೇ

ಪಿಯುಸಿ ರಿಸಲ್ಟ್ ಬಂದ್ಮೇಲೆ ಈ ಅಂಕಣಕ್ಕೆ ಬರೋ ಪತ್ರಗಳ ದನೀನೇ ಬದಲಾಗತ್ತೆ. ಯಾವ ಸ್ಪೀಕರ್ ತಗೊಳ್ಳಲಿ, ಹಳೇ ರೇಡಿಯೋ ರಿಪೇರಿ ಆಗತ್ತಾ ಅಂತ ಕೇಳ್ತಿದ್ದೋರೆಲ್ಲ ಸೈಡಿಗೆ ಹೋಗಿ, ಅಪ್ಪ ಅಮ್ಮಂದಿರು ಮಕ್ಕಳು ಎಲ್ಲಾ ಸೇರಿ ಸೌಂಡ್ ಇಂಜಿನಿಯರಿಂಗ್ ಓದೋದು ಹೇಗೆ ಅಂತ ಒಂದೇ ವಿಷ್ಯ ಕೇಳೋಕೆ ಶುರು ಮಾಡ್ತಾರೆ. ಈ ತಿಂಗಳು ಬಂದಿದ್ದರಲ್ಲಿ ಮುಕ್ಕಾಲು ಪಾಲು ಅದೇ ಇತ್ತು, ಹಾಗಾಗಿ ಉಳಿದೋರು ಬೇಜಾರ್ ಮಾಡ್ಕೋಬೇಡಿ, ನಿಮ್ಮ ಆಂಪ್ಲಿಫೈಯರ್ ಮುಂದಿನ ಸಲ ನೋಡೋಣ.

ಪ್ರಶ್ನೆ: ಮೇಡಂ, ನನ್ನ ಮಗಳು ಸೆಕೆಂಡ್ ಪಿಯುಸಿ ಪಿಸಿಎಂಸಿ ಮುಗಿಸಿದಾಳೆ, 84 ಪರ್ಸೆಂಟ್. ಸಿಇಟಿಲಿ ಸುಮಾರಾದ ಕಾಲೇಜಲ್ಲಿ ಸೀಟು ಸಿಗೋ ಹಾಗಿದೆ. ಆದ್ರೆ ಅವಳು ಸೌಂಡ್ ಇಂಜಿನಿಯರಿಂಗ್ ಅಂತ ಹಠ ಹಿಡಿದು ಕೂತಿದಾಳೆ. ಒಂದು ಪ್ರೈವೇಟ್ ಇನ್‌ಸ್ಟಿಟ್ಯೂಟಿನ ಬ್ರೋಷರ್ ತಂದು ತೋರಿಸಿದ್ಲು, ಒಂದು ವರ್ಷದ ಕೋರ್ಸು, ಫೀಸು ಲಕ್ಷಗಟ್ಟಲೆ, ಲೋನ್ ತೆಗೀಬೇಕಾಗತ್ತೆ. ಅವಳಮ್ಮ ದಿನಾ ಅಳ್ತಾಳೆ. ನಿಜ ಹೇಳಿ, ಇದು ಮದುವೆ ಮನೆ ಮೈಕ್ ಸೆಟ್‌ನೋರ ಕೆಲ್ಸ ತಾನೆ? ಇದಕ್ಕೆ ಡಿಗ್ರಿ ಅಂತ ಇದೆಯಾ?
(ಒಬ್ಬ ತಂದೆ, ವಿಜಯನಗರ)

ಉತ್ತರ: ಸರ್, ಮೊದ್ಲು ಮೈಕ್ ಸೆಟ್‌ನೋರ ವಿಷ್ಯ. ನಾನು ಈ ಕೆಲ್ಸದಲ್ಲಿ ಮೊದಲು ಸಂಪಾದಿಸಿದ್ದು ಮುನ್ನೂರು ರೂಪಾಯಿ ಮತ್ತೆ ಒಂದು ಊಟ, ಅದೂ ಒಂದು ಮದುವೆ ರಿಸೆಪ್ಷನ್ನಿನ ಆರ್ಕೆಸ್ಟ್ರಾದಲ್ಲಿ. ಕೇಬಲ್ ಸುತ್ತೋದು ಹೇಗೆ ಅಂತ ಹೇಳ್ಕೊಟ್ಟಿದ್ದು ಆ ಮೈಕ್ ಸೆಟ್ ಅಣ್ಣನೇ, ಒಂದು ಸುತ್ತು ಮೇಲಿಂದ, ಮುಂದಿನ ಸುತ್ತು ಮಗುಚಿ ಒಳಗಿಂದ, ಹಂಗೆ ಸುತ್ತಿದ್ರೆ ಎಸೆದಾಗ ಗಂಟು ಬೀಳದೆ ನೆಟ್ಟಗೆ ಹೋಗತ್ತೆ. ಮೊಣಕೈಗೆ ಹಗ್ಗದ ಥರ ಸುತ್ತಿದ್ರೆ ಒಳಗಿನ ತಂತಿ ತಿರುಚಿ ಎರಡೇ ತಿಂಗಳಿಗೆ ಸಾಯತ್ತೆ. ಆಮೇಲೆ ದುಡ್ಡು ಕೊಟ್ಟು ಓದಿದ ಕೋರ್ಸಲ್ಲಿ ಇದನ್ನ ಯಾರೂ ಹೇಳ್ಕೊಡಲಿಲ್ಲ. ಹಾಗಾಗಿ ಅವರನ್ನ ಕೀಳಾಗಿ ನೋಡ್ಬೇಡಿ, ನಿಮ್ಮ ಮಗಳು ಅವರ ಹತ್ರ ಆರು ತಿಂಗಳು ಓಡಾಡಿದ್ರೆ ಅದೇ ಅರ್ಧ ಕೋರ್ಸು.

ಈಗ ನೀವು ಕೇಳಿದ ಡಿಗ್ರಿ. ನಮ್ಮಲ್ಲಿ 'ಸೌಂಡ್ ಇಂಜಿನಿಯರಿಂಗ್' ಅನ್ನೋ ಒಂದು ಹೆಸರಿನ ಕೆಳಗೆ ಮೂರ್ನಾಲ್ಕು ಬೇರೆ ಬೇರೆ ಕಸುಬು ಸೇರ್ಕೊಂಡಿವೆ ಸರ್, ಗೊಂದಲ ಆಗೋದೇ ಅಲ್ಲಿ. ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡೋರು ಒಬ್ರು, ಸಿನಿಮಾ ಶೂಟಿಂಗಲ್ಲಿ ಬೂಮ್ (ಉದ್ದ ಕೋಲಿಗೆ ಕಟ್ಟಿದ ಮೈಕು) ಹಿಡಿದು ಮಾತು ಹಿಡಿಯೋರು ಇನ್ನೊಬ್ರು, ಸ್ಟೇಜ್ ಶೋ ಮಾಡೋರು ಮತ್ತೊಬ್ರು, ಆಡಿಟೋರಿಯಂ ಗೋಡೆ ಹೇಗಿರ್ಬೇಕು, ಹೆಡ್‌ಫೋನ್ ಒಳಗಿನ ಚಿಪ್ ಏನ್ ಮಾಡ್ಬೇಕು ಅಂತ ಲೆಕ್ಕ ಹಾಕೋರು ನಿಜವಾದ ಅರ್ಥದಲ್ಲಿ ಇಂಜಿನಿಯರ್‌ಗಳು. ಅವಳಿಗೆ ಇದರಲ್ಲಿ ಯಾವ್ದು ಬೇಕು ಅಂತ ಕೇಳಿ. 'ಗೊತ್ತಿಲ್ಲ' ಅಂದ್ರೆ ಬಯ್ಬೇಡಿ, 17 ವಯಸ್ಸಿಗೆ ನನಗೂ ಗೊತ್ತಿರಲಿಲ್ಲ.

ಸಿನಿಮಾ ಸೌಂಡ್ ಅಂತಾದ್ರೆ ಸರ್ಕಾರಿ ದಾರಿಗಳಿವೆ. ಹೆಸರಘಟ್ಟದಲ್ಲಿ ನಮ್ಮ ಸರ್ಕಾರದ್ದೇ ಫಿಲ್ಮ್ ಅಂಡ್ ಟಿವಿ ಇನ್‌ಸ್ಟಿಟ್ಯೂಟ್ ಇದೆ, ಕ್ಯಾಮೆರಾ ಜೊತೆ ಸೌಂಡಿಗೂ ಡಿಪ್ಲೊಮಾ ಇದೆ. ಅದರ ಬೇರು ಕೆ.ಆರ್. ಸರ್ಕಲ್ ಹತ್ರದ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿದೆ, 1940ರ ದಶಕದಲ್ಲೇ ಅಲ್ಲಿ ಸಿನಿಮಾ ಕಲಿಸ್ತಿದ್ರು, ಮೈಸೂರಿನ ವಿ.ಕೆ. ಮೂರ್ತಿ ಅವರು ಕ್ಯಾಮೆರಾ ಕಲ್ತಿದ್ದು ಅಲ್ಲೇ, ಮುಂದೆ ಅವರಿಗೆ ಫಾಲ್ಕೆ ಪ್ರಶಸ್ತಿ ಬಂತು. ಊರವರಿಗೇ ಈ ಸಂಸ್ಥೆ ಇದೆ ಅಂತ ಗೊತ್ತಿಲ್ಲ, ಹೆಸರಘಟ್ಟ ಅಂದ್ರೆ ಕೆರೆ ಮತ್ತೆ ನೃತ್ಯಗ್ರಾಮ ಅಂತಾರೆ ಅಷ್ಟೇ. ಇನ್ನು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐ, ಕೋಲ್ಕತ್ತಾದ ಸತ್ಯಜಿತ್ ರೇ ಇನ್‌ಸ್ಟಿಟ್ಯೂಟ್, ಇವೆರಡರಲ್ಲೂ ಸೌಂಡಿಗೆ ಮೂರು ವರ್ಷದ ಕೋರ್ಸಿದೆ, ಆದ್ರೆ ಯಾವ್ದಾದ್ರೂ ಡಿಗ್ರಿ ಮುಗಿಸಿ ಎಂಟ್ರೆನ್ಸ್ ಬರೀಬೇಕು, ಮತ್ತೆ ಸೌಂಡಿಗೆ ಪಿಯುಸಿಯಲ್ಲಿ ಫಿಸಿಕ್ಸ್ ಓದಿರ್ಬೇಕು ಅಂತ ಕೇಳ್ತಾರೆ. 2009ರಲ್ಲಿ ಸೌಂಡ್ ಮಿಕ್ಸಿಂಗಿಗೆ ಆಸ್ಕರ್ ತಗೊಂಡ ರೆಸುಲ್ ಪೂಕುಟ್ಟಿ ಆ ಪುಣೆ ಕ್ಯಾಂಪಸ್ಸಿನೋರೇ. ನಿಮ್ಮ ಮಗಳು ಪಿಸಿಎಂಸಿ ಮಾಡಿರೋದ್ರಿಂದ ಆ ಬಾಗಿಲು ತೆರೆದೇ ಇದೆ, ಮುಚ್ಚಿಲ್ಲ, ಇದನ್ನ ಅವಳಮ್ಮನಿಗೂ ಹೇಳಿ.

ಹೊರದೇಶದಲ್ಲಿ ಇದು ಹಳೇ ಯೂನಿವರ್ಸಿಟಿ ವಿದ್ಯೆ. ಜರ್ಮನಿಯಲ್ಲಿ ಟೋನ್‌ಮೈಸ್ಟರ್ ಅಂತಾರೆ, ಡೆಟ್‌ಮೋಲ್ಡ್ ಅನ್ನೋ ಊರಲ್ಲಿ 1949ರಲ್ಲಿ ಶುರುವಾಯ್ತು, ಇಂಗ್ಲೆಂಡಿನ ಸರ್ರೆ ಯೂನಿವರ್ಸಿಟಿ 1970ರಲ್ಲಿ ಅದನ್ನೇ ಹಿಡೀತು. ಅವರ ಲೆಕ್ಕ ಏನಂದ್ರೆ ಸೌಂಡ್ ಮಾಡೋನಿಗೆ ಸಂಗೀತ ಓದೋಕೂ ಬರ್ಬೇಕು, ಫಿಸಿಕ್ಸೂ ಬರ್ಬೇಕು, ಎರಡರಲ್ಲಿ ಒಂದು ಬಂದ್ರೆ ಅರ್ಧ ಮನುಷ್ಯ. ಸರ್ರೆಯಲ್ಲಿ ಮಧ್ಯೆ ಒಂದು ವರ್ಷ ಹೊರಗಡೆ ಸ್ಟುಡಿಯೋದಲ್ಲೋ ಕಂಪನಿಯಲ್ಲೋ ಕೆಲ್ಸಕ್ಕೆ ಕಳಿಸ್ತಾರೆ. ಫೀಸ್ ವಿಷ್ಯ ನಾನು ಮಾತಾಡಲ್ಲ, ನಿಮ್ಮ ಬಿಪಿ ನನಗೆ ಮುಖ್ಯ.

ಈಗ ಆ ಬ್ರೋಷರ್. ಮೊದಲ ಪುಟದಲ್ಲಿ ಸಾಲು ಸಾಲು ಗುಂಡಿಗಳಿರೋ ಎಂಟಡಿ ಉದ್ದದ ಮಿಕ್ಸಿಂಗ್ ಕನ್ಸೋಲ್ ಮುಂದೆ ಒಬ್ಬ ಹುಡುಗ ಹೆಡ್‌ಫೋನ್ ಹಾಕ್ಕೊಂಡು ಕೂತಿರೋ ಫೋಟೋ ಇದೆ ತಾನೆ? ಇದ್ದೇ ಇರತ್ತೆ. ನಾನು ಸೇರಿದ ಕಡೆನೂ ಇತ್ತು. ಆ ಇನ್‌ಸ್ಟಿಟ್ಯೂಟಿನ ಹೆಸರು ಬೇಡ ಬಿಡಿ. ಅಲ್ಲಿ ನಾವು 32 ಜನ, ಕನ್ಸೋಲ್ ಒಂದು. ಅದಕ್ಕೆ ವರ್ಷಪೂರ್ತಿ ಬೆಡ್‌ಶೀಟ್ ಹೊದಿಸಿರ್ತಿದ್ರು, ಹಬ್ಬದ ದಿನ ಗಣಪತಿ ಮುಸುಕು ತೆಗೆದಂಗೆ ಯಾರಾದ್ರೂ ದೊಡ್ಡೋರು ಬಂದಾಗ ತೆಗೆಯೋರು. ಕೋರ್ಸು ಮುಗಿಯೋ ಹೊತ್ತಿಗೆ ಲೆಕ್ಕ ಹಾಕಿದ್ರೆ ನಾನೊಬ್ಬಳೇ ಅದರ ಮುಂದೆ ಕೂತಿದ್ದು ಎಲ್ಲಾ ಸೇರಿ ನಾಲ್ಕು ಗಂಟೆ ಇರ್ಬೇಕು, ಅದರಲ್ಲಿ ಒಂದು ಗಂಟೆ ಕರೆಂಟ್ ಹೋಗಿತ್ತು. ಲೋನ್ ಮಾತ್ರ ಪೂರ್ತಿ ಕಟ್ಟಿದೆ.

ಹಾಗಾಗಿ ನೀವು ಹೋಗಿ ಕೇಳ್ಬೇಕಾಗಿರೋದು ಒಂದೇ ಪ್ರಶ್ನೆ: ವಾರಕ್ಕೆ ಎಷ್ಟು ಗಂಟೆ ಒಬ್ಬ ಸ್ಟೂಡೆಂಟ್, ಪಕ್ಕದಲ್ಲಿ ಮೇಷ್ಟ್ರು ಇಲ್ದೆ, ಸ್ಟುಡಿಯೋ ಬಾಗಿಲು ಹಾಕ್ಕೊಂಡು ತಪ್ಪು ಮಾಡ್ಬಹುದು? ಬುಕಿಂಗ್ ರಿಜಿಸ್ಟರ್ ತೋರ್ಸಿ ಅನ್ನಿ. ಮುಖ ನೋಡಿದ್ರೆ ಗೊತ್ತಾಗತ್ತೆ. ಕನ್ಸೋಲ್ ಚಿಕ್ಕದಿದ್ರೂ ಪರವಾಗಿಲ್ಲ, ರಾತ್ರಿ ಹತ್ತರ ತನಕ ಮಕ್ಕಳಿಗೆ ಕೀ ಕೊಡೋ ಜಾಗ ಆದ್ರೆ ಅದು ಒಳ್ಳೆ ಕಾಲೇಜು. ಆಮೇಲೆ, ಕೊಡೋ ಸರ್ಟಿಫಿಕೇಟು ಯಾವ್ದಾದ್ರೂ ಯೂನಿವರ್ಸಿಟಿಯದ್ದಾ ಇಲ್ಲ ಅವರ ಲೆಟರ್‌ಹೆಡ್ಡಾ, ಅದನ್ನೂ ನೋಡ್ಕೊಳ್ಳಿ, ಯಾಕಂದ್ರೆ ನಾಳೆ ಪುಣೆಗೆ ಅಪ್ಲೈ ಮಾಡ್ಬೇಕು ಅಂದ್ರೆ ಡಿಗ್ರಿನೇ ಬೇಕು, ಲೆಟರ್‌ಹೆಡ್ ನಡೆಯಲ್ಲ. ಹೋದ ವರ್ಷ ಪಾಸಾದ ಇಬ್ಬರ ಹತ್ರ ಮಾತಾಡಿ, ಆಫೀಸಲ್ಲಿ ಕರೆಸಿ ಕೂರಿಸ್ದೋರ ಹತ್ರ ಅಲ್ಲ, ಗೇಟಿನ ಹೊರಗೆ ಟೀ ಅಂಗಡಿಲಿ ಸಿಗೋರ ಹತ್ರ.

ನನ್ನ ಅಭಿಪ್ರಾಯ ಕೇಳಿದ್ರೆ, ಸಾಲ ಮಾಡಿ ಒಂದು ವರ್ಷದ ಸರ್ಟಿಫಿಕೇಟ್ ಬೇಡ. ಬಿಎಸ್‌ಸಿ ಫಿಸಿಕ್ಸೋ ಇಲ್ಲ ಅವಳಿಗೆ ಸಿಗೋ ಸೀಟಲ್ಲಿ ಎಲೆಕ್ಟ್ರಾನಿಕ್ಸೋ ಓದ್ಲಿ, ಶನಿವಾರ ಭಾನುವಾರ ಯಾರಾದ್ರೂ ರೆಕಾರ್ಡಿಸ್ಟ್ ಹತ್ರ, ಮೈಕ್ ಸೆಟ್ ಅಣ್ಣನ ಹತ್ರ ಹೋಗ್ಲಿ, ಮೂರು ವರ್ಷದ ಮೇಲೂ ಅದೇ ಹಠ ಇದ್ರೆ ಪುಣೆಗೋ ಕೋಲ್ಕತ್ತಾಗೋ ಬರೀಲಿ. ಅದಕ್ಕೂ ಮೊದ್ಲು ಒಂದು ಕೆಲ್ಸ ಮಾಡಿ. ಅವಳ ಫೋನಲ್ಲೇ ಕೆ.ಆರ್. ಮಾರ್ಕೆಟಲ್ಲಿ ಬೆಳಗಿನ ಜಾವ ಹೂವಿನ ಹರಾಜು ಕೂಗೋದನ್ನ ರೆಕಾರ್ಡ್ ಮಾಡ್ಕೊಂಡು ಬಂದು ಎರಡು ನಿಮಿಷದ ಒಂದು ಆಡಿಯೋ ಮಾಡು, ಕಣ್ಮುಚ್ಚಿ ಕೇಳಿದ್ರೆ ಮಾರ್ಕೆಟ್ ಒಳಗೆ ನಡೆದಂಗೆ ಇರ್ಬೇಕು ಅನ್ನಿ. ಬಿಟ್ಟಿ ಎಡಿಟಿಂಗ್ ಸಾಫ್ಟ್‌ವೇರ್ ಬೇಕಾದಷ್ಟಿವೆ. ಮೂರನೇ ರಾತ್ರಿನೂ ಊಟ ಮರೆತು ಅದರ ಮುಂದೆ ಕೂತಿದ್ರೆ ನಿಮಗೆ ಉತ್ತರ ಸಿಕ್ತು, ಎರಡನೇ ದಿನಕ್ಕೇ ಬಿಟ್ರೆ ಲಕ್ಷ ಉಳೀತು.

ಪ್ರಶ್ನೆ: ಅಕ್ಕ, ನಾನು ಇಸಿಇ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಫೈನಲ್ ಇಯರ್. ಸಾಫ್ಟ್‌ವೇರ್ ಕಂಪನಿಲಿ ಪ್ಲೇಸ್‌ಮೆಂಟ್ ಆಗಿದೆ. ಆದ್ರೆ ನನಗೆ ಆಡಿಯೋ ಪ್ರೊಡಕ್ಷನ್ ಮಾಡ್ಬೇಕು. ನಾಲ್ಕು ವರ್ಷ ವೇಸ್ಟ್ ಆಯ್ತಲ್ಲ ಅನ್ಸತ್ತೆ. ಎಲ್ಲಾ ಬಿಟ್ಟು ಮೊದಲಿಂದ ಶುರು ಮಾಡ್ಲಾ?
(ಕೆಂಗೇರಿಯಿಂದ)

ಉತ್ತರ: ತಮ್ಮಾ, ವೇಸ್ಟ್ ಆಗಿದ್ದು ನಿನ್ನ ನಾಲ್ಕು ವರ್ಷ ಅಲ್ಲ, ನಿಮ್ಮ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಮೇಷ್ಟ್ರು ಪಾಠ ಮಾಡಿದ ರೀತಿ ಇರ್ಬೇಕು. ಐದನೇ ಸೆಮ್ಮಲ್ಲೋ ಆರನೇ ಸೆಮ್ಮಲ್ಲೋ ಕಾನ್ವಲ್ಯೂಷನ್ ಅಂತ ಒಂದು ಲೆಕ್ಕ ಮಾಡಿ, ಗ್ರಾಫ್ ಮಗುಚಿ, ಜರುಗಿಸಿ, ಗುಣಿಸಿ, ಕೂಡಿಸಿ ಹತ್ತು ಮಾರ್ಕ್ಸ್ ತಗೊಂಡಿದೀಯಲ್ಲ. ಅದು ಏನು ಗೊತ್ತಾ? ವಿಜಯಪುರದ ಗೋಲಗುಮ್ಮಟದಲ್ಲಿ ನಿಂತು ಒಂದು ಚಪ್ಪಾಳೆ ಹೊಡಿ, ಅದು ಸುತ್ತಿ ಸುತ್ತಿ ಮತ್ತೆ ಮತ್ತೆ ವಾಪಸ್ ಬರತ್ತಲ್ಲ, ಆ ಬಾಲ ಪೂರ್ತಿ ರೆಕಾರ್ಡ್ ಮಾಡ್ಕೊ. ಆ ರೆಕಾರ್ಡಿಂಗೇ ಇಂಪಲ್ಸ್ ರೆಸ್ಪಾನ್ಸ್. ಈಗ ನಿನ್ನ ಹಾಸ್ಟೆಲ್ ರೂಮಲ್ಲಿ ಹಾಡಿದ ಹಾಡನ್ನ ಅದರ ಜೊತೆ ಕಾನ್ವಾಲ್ವ್ ಮಾಡಿದ್ರೆ ನೀನು ಗುಮ್ಮಟದೊಳಗೆ ನಿಂತು ಹಾಡ್ದಂಗೆ ಕೇಳತ್ತೆ. ಸಿನಿಮಾದಲ್ಲಿ, ಆಲ್ಬಮ್‌ಗಳಲ್ಲಿ ಬಳಸೋ ಎಷ್ಟೋ ರಿವರ್ಬ್ ಪ್ಲಗಿನ್‌ಗಳು (ಸದ್ದಿಗೆ ಅನುರಣನ ಸೇರಿಸೋ ಸಾಫ್ಟ್‌ವೇರ್) ಒಳಗೆ ಮಾಡ್ತಿರೋದು ಇದನ್ನೇ. ನೀನು ಪೆನ್ನಲ್ಲಿ ಮಾಡಿದ್ದೆ, ಅಷ್ಟೇ ವ್ಯತ್ಯಾಸ. ಕಿವಿಯಲ್ಲಿ ಕೇಳಿಸಿರಲಿಲ್ಲ ನಿನಗೆ.

ಸ್ಯಾಂಪ್ಲಿಂಗ್ ಥಿಯರಮ್ಮೂ ಹಂಗೇ. ಮನುಷ್ಯನ ಕಿವಿ 20 ಹರ್ಟ್ಸಿಂದ 20 ಕಿಲೋಹರ್ಟ್ಸ್ ತನಕ ಕೇಳತ್ತೆ, ಸೆಕೆಂಡಿಗೆ ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಸಲ ಶಬ್ದನ ಅಳೀಬೇಕು ಅಂತಾನೇ ಸಿಡಿಗೆ 44.1 ಕಿಲೋಹರ್ಟ್ಸ್, ಸಿನಿಮಾ ವಿಡಿಯೋಗೆ 48. ಬಫರ್ (ಕಂಪ್ಯೂಟರ್ ಒಂದೇ ಸಲಕ್ಕೆ ತಗೊಳ್ಳೋ ಅಳತೆಗಳ ಗುಂಪು) 256 ಸ್ಯಾಂಪಲ್ ಇಟ್ಟು 48ರಲ್ಲಿ ರೆಕಾರ್ಡ್ ಮಾಡಿದ್ರೆ ಸುಮಾರು ಐದೂ ಕಾಲು ಮಿಲಿಸೆಕೆಂಡ್ ತಡ ಆಗತ್ತೆ, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂದ್ಕೊಂಡ್ರೆ ಅದು ಸ್ಪೀಕರಿಂದ ಆರಡಿ ದೂರ ನಿಂತಂಗೆ. ಇನ್ನೊಂದು ಮಜಾ: ಸಿನಿಮಾದ ಒಂದು ಫ್ರೇಮ್ ಅಂದ್ರೆ ಸೆಕೆಂಡಿನ 24ನೇ ಒಂದು ಭಾಗ, ಅಷ್ಟರಲ್ಲಿ ಶಬ್ದ ಹೋಗೋದು ಬರೀ 14 ಮೀಟರ್. ಹಳೇ ದೊಡ್ಡ ಥಿಯೇಟರ್‌ಗಳ ಬಾಲ್ಕನಿ ಕೊನೇ ಸಾಲಲ್ಲಿ ಕೂತು ನೋಡ್ತಿದ್ದಾಗ ನಮಗೆಲ್ಲ ಡೈಲಾಗು ಒಂದೆರಡು ಫ್ರೇಮ್ ತಡವಾಗೇ ಬರ್ತಿತ್ತು, ಶಿಳ್ಳೆ ಹೊಡೆಯೋ ಭರದಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ. ಈ ಥರ ಲೆಕ್ಕ ತಲೆಯಲ್ಲಿ ಓಡೋ ಹುಡುಗ ಸ್ಟುಡಿಯೋಗೆ ಬಂದ್ರೆ ನಾನು ಮೊದಲು ಅವನನ್ನೇ ಇಟ್ಕೋತೀನಿ.

ಇನ್ನೊಂದು, ನೀನು ಇರೋ ಊರು ಬೆಂಗಳೂರು ಕಣೋ. ಹಾರ್ಮನ್, ಡಾಲ್ಬಿ ಥರದ ಕಂಪನಿಗಳ ಆಫೀಸ್ ಇಲ್ಲೇ ಇವೆ. ಕಾರಿನೊಳಗೆ ಸ್ಪೀಕರ್ ಟ್ಯೂನ್ ಮಾಡೋದು, ಫೋನ್ ಮೈಕಲ್ಲಿ ಟ್ರಾಫಿಕ್ ಗಲಾಟೆ ತೆಗೆದು ಮಾತು ಉಳಿಸೋದು, ಹಿಯರಿಂಗ್ ಏಡ್ ಆಲ್ಗರಿದಮ್ ಬರೆಯೋದು, ಇವೆಲ್ಲ ಇಸಿಇ ಹುಡುಗರ ಕೆಲ್ಸಾನೇ. ಮಾಸ್ಟರ್ಸ್ ಮಾಡೋ ಮನಸ್ಸಿದ್ರೆ ನಮ್ಮ ಐಐಎಸ್‌ಸಿಯಲ್ಲಿ ಮೆಕ್ಯಾನಿಕಲ್ ಕಡೆ ಅಕೌಸ್ಟಿಕ್ಸ್ ಮತ್ತೆ ಶಬ್ದ ನಿಯಂತ್ರಣದ ಮೇಲೆ ದಶಕಗಳಿಂದ ಕೆಲ್ಸ ನಡೀತಿದೆ, ಎಲೆಕ್ಟ್ರಿಕಲ್ ಕಡೆ ಸ್ಪೀಚ್ ಪ್ರೊಸೆಸಿಂಗ್ ಇದೆ.

ಆದ್ರೆ ನಿನಗೆ ಬೇಕಿರೋದು ಹಾಡು ಮಿಕ್ಸ್ ಮಾಡೋದೇ ಆದ್ರೆ, ಆಫರ್ ತಗೊ, ಎರಡು ವರ್ಷ ಸಂಬಳ ತಗೊ. ಎಸ್‌ಪಿ ರೋಡಲ್ಲಿ ಒಂದ್ ರೌಂಡ್ ಹೊಡೆದು ಕೇಬಲ್ಲು ಕನೆಕ್ಟರ್ರು ಸೋಲ್ಡರಿಂಗ್ ಐರನ್ ತಂದು ಮೊದ್ಲು ನಿನ್ನ ಕೇಬಲ್ ನೀನೇ ಮಾಡ್ಕೊ. ಈ ಕಸುಬಲ್ಲಿ ಮೊದಲ ಎರಡು ವರ್ಷ ನಿನ್ನ ಕ್ಲಾಸ್‌ಮೇಟ್ ಕ್ಯಾಂಟೀನಲ್ಲಿ ಖರ್ಚು ಮಾಡೋ ಅಷ್ಟು ದುಡ್ಡು ನಿನಗೆ ಬರಲ್ಲ, ಇದನ್ನ ಸಿಹಿ ಸವರಿ ಹೇಳೋಕೆ ನನಗೆ ಬರಲ್ಲ.

ಪ್ರಶ್ನೆ: ಅಕ್ಕಾ, ಆಡಿಯೋ ಕೋರ್ಸ್ ಫಸ್ಟ್ ಇಯರ್. ರೂಮು 10ಕ್ಕೆ 10. ಗೋಡೆಗೆ ಮೊಟ್ಟೆ ಟ್ರೇ ಅಂಟಿಸ್ತಿದೀನಿ, 140 ಟ್ರೇ ಕಲೆಕ್ಟ್ ಆಗಿದೆ. ಇನ್ನೆಷ್ಟು ಬೇಕು? ನನ್ನ ಮಿಕ್ಸಲ್ಲಿ ಬೇಸ್ (ಕೆಳಗಿನ ದಪ್ಪ ಸದ್ದು) ಒಂದೊಂದು ಕಡೆ ಒಂದೊಂಥರ ಕೇಳತ್ತೆ.
(ಯಲಹಂಕ)

ಉತ್ತರ: ಅಯ್ಯೋ, ಟ್ರೇನೆಲ್ಲ ವಾಪಸ್ ಕೊಟ್ಟು ಮೊಟ್ಟೆ ತಗೊಂಡು ಆಮ್ಲೆಟ್ ತಿನ್ನು. ಆ ರಟ್ಟು ಮೇಲಿನ ಫ್ರೀಕ್ವೆನ್ಸಿ ಚೂರುಪಾರು ನುಂಗತ್ತೆ ಅಷ್ಟೇ, ಬೇಸಿಗೆ ಏನೂ ಮಾಡಲ್ಲ, ಪಕ್ಕದ ಮನೆ ಆಂಟಿಗೆ ಕೇಳೋದನ್ನಂತೂ ತಡೆಯಲ್ಲ, ಬೆಂಕಿ ತಗುಲಿದ್ರೆ ಮಾತ್ರ ಚೆನ್ನಾಗಿ ಉರಿಯತ್ತೆ.

ನಿನ್ನ ಕಾಯಿಲೆ ಬೇರೆ. ಹತ್ತಡಿ ಅಂದ್ರೆ ಸುಮಾರು ಮೂರು ಮೀಟರ್. ಎದುರು ಬದುರು ಗೋಡೆ ಮಧ್ಯೆ ಆ ಅಳತೆಗೆ ಒಗ್ಗೋ ಮೊದಲ ಸ್ವರ 56-57 ಹರ್ಟ್ಸ್ ಆಸುಪಾಸು ಬರತ್ತೆ, 343ನ ಹೋಗಿ ಬರೋ ದೂರ ಆರು ಮೀಟರಿಂದ ಭಾಗ್ಸಿ ನೋಡು. ಬೇಸ್ ಗಿಟಾರಿನ ಎ ತಂತಿ ಬರೀ ಮೀಟಿದ್ರೆ 55. ನಿನ್ನ ರೂಮು ಉದ್ದ ಹತ್ತು ಅಗಲ ಹತ್ತು, ಬೆಂಗಳೂರು ಮನೆ ಅಂದ್ಮೇಲೆ ಸೀಲಿಂಗೂ ಹತ್ರ ಹತ್ರ ಹತ್ತೇ ಇರತ್ತೆ, ಮೂರೂ ಕಡೆಯಿಂದ ಅದೇ ಸ್ವರ ಒಂದರ ಮೇಲೊಂದು ಕೂತು ಗೋಡೆ ಹತ್ರ ಗುಂಯ್ ಅನ್ನತ್ತೆ, ರೂಮಿನ ನಟ್ಟನಡುವೆ ಅದೇ ನೋಟು ಮಾಯ. ನೀನು ಕೂತಿರೋದು ನಡುವೆ ತಾನೆ? ಅದಕ್ಕೇ ಬೇಸ್ ಸಾಲಲ್ಲ ಅಂತ ಏರಿಸ್ತೀಯ, ಕಾರಲ್ಲಿ ಹಾಕಿದ್ರೆ ಡೋರ್ ಅದುರತ್ತೆ.

ಟೇಬಲ್‌ನ ಮುಂದಿನ ಗೋಡೆ ಕಡೆ ತಳ್ಳು, ಮುಂದಿನ ಗೋಡೆಯಿಂದ ನಿನ್ನ ತಲೆ ಮೂರೂ ಮುಕ್ಕಾಲು ನಾಲ್ಕಡಿ ದೂರ ಇರೋ ಹಾಗೆ ಕೂತು ಕೇಳು, ಅಲ್ಲಿಂದ ಹಿಂದೆ ಮುಂದೆ ಅರ್ಧರ್ಧ ಅಡಿ ಜರುಗಿ ಹುಡುಕು. ಟ್ರೇ ಬದ್ಲು ನಾಲ್ಕಿಂಚು ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತಗೊಂಡು ಮರದ ಫ್ರೇಮ್ ಹೊಡೆದು ಬಟ್ಟೆ ಸುತ್ತಿ ಮೂಲೆಗಳಲ್ಲಿ ನಿಲ್ಲಿಸು, ಗೋಡೆಗೆ ಅಂಟಿಸ್ದೆ ಹಿಂದೆ ಸ್ವಲ್ಪ ಗಾಳಿ ಬಿಡು. ಬಿಚ್ಚಿದ ರಾಕ್‌ವೂಲ್ ಮುಟ್ಟೋವಾಗ ಮಾಸ್ಕು ಗ್ಲೌಸು ಹಾಕ್ಕೊ, ಇಲ್ಲಾಂದ್ರೆ ರಾತ್ರಿಯೆಲ್ಲಾ ಮೈ ಕೆರ್ಕೋತೀಯ. ದುಡ್ಡಿಲ್ವಾ, ಊರಿಂದ ಹಳೇ ಹತ್ತಿ ಹಾಸಿಗೆ ತರಿಸ್ಕೊಂಡು ಮೂಲೆಗೆ ಒರಗಿಸು, ಪೂರ್ತಿ ಅಲ್ಲದಿದ್ರೂ ಎಷ್ಟೋ ವಾಸಿ. ಕಬ್ಬಿಣದ ಬೀರು ಇದ್ರೆ ಆಚೆ ಹಾಕು, ಅದರ ಬಾಗಿಲು ಒಂದು ನೋಟಿಗೆ ಜಿರ್ರ್ ಅನ್ನತ್ತೆ, ಆ ಸದ್ದು ಟ್ರ್ಯಾಕಲ್ಲಿ ಇದೆ ಅಂತ ನಾನು ಒಂದಿಡೀ ರಾತ್ರಿ ಹುಡುಕಿದೀನಿ.

ಪ್ರಶ್ನೆ: ಅಕ್ಕ, ಎಂಟು ವರ್ಷದಿಂದ ಕರ್ನಾಟಕ ಸಂಗೀತ ಕಲೀತಿದೀನಿ. ಬಿಕಾಂ. ಮ್ಯಾಥ್ಸ್ ಅಂದ್ರೆ ಭಯ. ರೆಕಾರ್ಡಿಂಗ್ ಕಲಿಯೋಕೆ ಆಗತ್ತಾ?
(ಮಲ್ಲೇಶ್ವರಂ)

ಉತ್ತರ: ನೀನು ದಿನಾ ಮ್ಯಾಥ್ಸ್ ಹಾಡ್ತಿದೀಯ ಕಣೆ. ಷಡ್ಜ 200 ಹರ್ಟ್ಸ್ ಇಟ್ಕೊಂಡ್ರೆ ಪಂಚಮ 300, ತಾರ ಷಡ್ಜ 400. ಮೂರಕ್ಕೆ ಎರಡು, ಎರಡಕ್ಕೆ ಒಂದು, ಅಷ್ಟೇ ಭಿನ್ನರಾಶಿ. ತಂಬೂರಿ ಕುದುರೆ ಮೇಲೆ ತಂತಿ ಕೆಳಗೆ ಹತ್ತಿ ದಾರ ಜರುಗಿಸಿ ಜೀವ ಬರ್ಸ್ತಾರಲ್ಲ, ಅಲ್ಲಿ ನಿಮ್ಮ ಗುರುಗಳು ಮಾಡೋದು ಮೇಲಿನ ಹಾರ್ಮೋನಿಕ್‌ಗಳನ್ನ (ಮೂಲ ಸ್ವರದ ಜೊತೆ ಏಳೋ ಉಪಸ್ವರಗಳನ್ನ) ಎಬ್ಬಿಸೋದು, ನಾವು ಈಕ್ವಲೈಜರ್ ತಿರುಗಿಸಿ ಒದ್ದಾಡೋದೂ ಅದಕ್ಕೇ. ನಿನ್ನ ಕಿವಿಗೆ ಶ್ರುತಿ ಒಂಚೂರು ಜಾರಿದ್ರೂ ಗೊತ್ತಾಗತ್ತೆ ಅಂದ್ರೆ, ಅದನ್ನ ಕಲಿಸೋಕೆ ಕಾಲೇಜುಗಳು ಒಂದು ಸೆಮಿಸ್ಟರ್ ಪೂರ್ತಿ ಇಯರ್ ಟ್ರೈನಿಂಗ್ ಅಂತ ಮಾಡ್ತವೆ. ಸದ್ದಿನ ಜೋರು ಅಳೆಯೋ ಡೆಸಿಬಲ್ (ಡಿಬಿ) ಒಂದು ಕಲ್ತ್ಕೊಬೇಕು: ಪವರ್ ಎರಡರಷ್ಟಾದ್ರೆ 3 ಡಿಬಿ, ಹತ್ತರಷ್ಟಾದ್ರೆ 10 ಡಿಬಿ, ಕಿವಿಗೆ ಹೆಚ್ಚುಕಮ್ಮಿ ಎರಡರಷ್ಟು ಜೋರು ಅನ್ಸೋಕೆ ಆ 10 ಡಿಬಿ ಬೇಕು. ಒಂದು ವಾರದ ಕೆಲ್ಸ.

ಒಂದು ಹೋಂವರ್ಕ್ ಕೊಡ್ತೀನಿ. ನಿಮ್ಮ ಕಡೆಯಿಂದ ಹತ್ರ ಇರೋ ಚೌಡಯ್ಯ ಹಾಲಲ್ಲಿ ಒಬ್ಬ ಕಲಾವಿದರ ಕಛೇರಿ ಕೇಳು, ಆ ಕಟ್ಟಡ 1980ರಲ್ಲಿ ಆಗಿದ್ದು, ಪಿಟೀಲಿನ ಆಕಾರ. ಅವರೇ ರಾಮನವಮಿಗೆ ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಹಾಡಿದ್ರೆ ಅಲ್ಲೂ ಹೋಗು, ರಾಮಸೇವಾ ಮಂಡಳಿ 1939ರಿಂದ ನಡೆಸ್ಕೊಂಡು ಬರ್ತಿರೋ ಕಛೇರಿಗಳು. ಹಾಲಲ್ಲಿ ಮೃದಂಗದ ಎಡಗಡೆ ಎಷ್ಟು ಹೊತ್ತು ನಿಲ್ಲತ್ತೆ, ಚಪ್ಪರದಲ್ಲಿ ಯಾಕೆ ಟಕ್ ಅಂತ ಸತ್ತೋಗತ್ತೆ, ಸಾಹಿತ್ಯ ಎಲ್ಲಿ ಸ್ಪಷ್ಟ, ಬರೆದು ಇಟ್ಕೊ. ಆಟೋ ಹಾರನ್ನು ಯಾವ ಸ್ವರದಲ್ಲಿತ್ತು ಅಂತಾನೂ.

ಪ್ರಶ್ನೆ: ಲೈವ್ ಸೌಂಡ್ ಹುಡುಗೀರಿಗೆ ಆಗಲ್ಲ ಅಂತ ನಮ್ಮ ಕ್ಲಾಸಲ್ಲಿ ಸರ್ ಅಂದ್ರು. ನೀವು ಹೇಗೆ ಮಾಡಿದ್ರಿ ಅಕ್ಕ?
(ಜೆ.ಪಿ. ನಗರ)

ಉತ್ತರ: ತೂಕ ಸಮಸ್ಯೆ ಅಲ್ಲ, ಸ್ಪೀಕರ್‌ಗಳಿಗೆ ಚಕ್ರ ಇರತ್ತೆ, ನಾಲ್ಕು ಜನ ಸೇರಿ ಎತ್ತೋದನ್ನ ಗಂಡಸರೂ ನಾಲ್ಕು ಜನಾನೇ ಎತ್ತೋದು. ನಿಜವಾದ ಸಮಸ್ಯೆ ಟಾಯ್ಲೆಟ್ಟು, ಮತ್ತೆ ಪ್ಯಾಕಪ್ ಆಗಿ ರಾತ್ರಿ ಎರಡೂವರೆಗೆ ಮನೆಗೆ ಹೋಗೋದು ಹೇಗೆ ಅನ್ನೋದು. ಮೈದಾನದ ಶೋ ಅಂದ್ರೆ ನಾನು ಹತ್ರದ ಯಾವ್ದೋ ಮನೆ ಬಾಗಿಲು ತಟ್ಟಿ 'ಅಮ್ಮಾ ಒಂದ್ನಿಮಿಷ' ಅಂತ ಕೇಳ್ತಿದ್ದೆ, ಯಾರೂ ಇಲ್ಲ ಅನ್ನಲಿಲ್ಲ, ಒಂದು ಕಡೆ ಕಾಫಿನೂ ಸಿಕ್ತು. ಈಗ ನಾನು ಶೋ ಒಪ್ಕೊಳ್ಳೋ ಮೊದ್ಲೇ ಈ ಎರಡನ್ನ ಕೇಳ್ತೀನಿ, ಸಂಬಳದ ಮಾತು ಆಮೇಲೆ. ನೀನೂ ಕೇಳು, ನಾಚ್ಕೋಬೇಡ. ನಿಮ್ಮ ಏರಿಯಾದಲ್ಲೇ ರಂಗಶಂಕರ ಇದೆ, 2004ರಿಂದ ಅಲ್ಲಿ ನಾಟಕ ನಡೀತಿದೆ, ಒಂದು ತಂಡದ ಜೊತೆ ಸೇರ್ಕೊಂಡು ಸೌಂಡ್ ಆಪರೇಟ್ ಮಾಡೋದ್ರಿಂದ ಶುರು ಮಾಡು. ನಾಟಕದಲ್ಲಿ ಒಂದು ಕ್ಯೂ ತಪ್ಪಿದ್ರೆ ಬಾಗಿಲು ತೆಗೆದ್ಮೇಲೆ ಕಾಲಿಂಗ್ ಬೆಲ್ ಹೊಡೆಯತ್ತೆ, ಜನ ನಗ್ತಾರೆ, ಆ ಅವಮಾನದಷ್ಟು ಒಳ್ಳೆ ಮೇಷ್ಟ್ರು ಇನ್ನೊಬ್ಬರಿಲ್ಲ. ನಿಮ್ಮ ಸರ್‌ಗೆ ನನ್ನ ನಮಸ್ಕಾರ ಹೇಳು.

ಪ್ರಶ್ನೆ: ಶೋ ಮುಗಿಸಿ ಬಂದ್ಮೇಲೆ ಕಿವಿ ಗುಂಯ್ ಅನ್ನತ್ತೆ, ಬೆಳಿಗ್ಗೆ ಹೊತ್ತಿಗೆ ಸರಿ ಹೋಗತ್ತೆ. ಪರವಾಗಿಲ್ವಾ?
(ಪೀಣ್ಯ)

ಉತ್ತರ: ಪರವಾಗಿಲ್ಲ ಅಂತ ಬಿಡೋ ವಿಷ್ಯ ಅಲ್ಲ ಇದು. ಮೊದಲು ಕಿವಿ ಡಾಕ್ಟರ್ ಹತ್ರ ಹೋಗಿ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳತ್ತೆ ಅನ್ನೋ ಪರೀಕ್ಷೆ) ಮಾಡ್ಸು, ರಿಪೋರ್ಟು ಫೈಲಲ್ಲಿಡು, ವರ್ಷಾ ವರ್ಷ ಹೋಲಿಸಿ ನೋಡು. ಕೆಲ್ಸದ ಜಾಗಕ್ಕೆ ಅಮೆರಿಕದೋರ ಒಂದು ಲೆಕ್ಕ ಇದೆ: 85 ಡಿಬಿಯಲ್ಲಿ 8 ಗಂಟೆ, ಪ್ರತಿ 3 ಡಿಬಿ ಏರಿದ್ರೆ ಸಮಯ ಅರ್ಧ. ಹಂಗೆ ಲೆಕ್ಕ ಹಾಕ್ಕೊಂಡು ಹೋದ್ರೆ 100 ಡಿಬಿಗೆ ಕಾಲು ಗಂಟೆ. ನಿನ್ನ ಶೋ ಎಷ್ಟು ಹೊತ್ತು? ಸಂಗೀತದೋರಿಗೆ ಅಂತಾನೇ ಬರೋ ಇಯರ್‌ಪ್ಲಗ್ ತಗೊ, ಹತ್ತಿ ತುರುಕ್ಕೋಬೇಡ. ಅಂದಹಾಗೆ ಇದರ ಬಗ್ಗೆನೇ ಓದೋ ಆಸೆ ಯಾರಿಗಾದ್ರೂ ಇದ್ರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಯಲ್ಲಿ ಆಡಿಯಾಲಜಿ ಡಿಗ್ರಿ ಇದೆ, ಸೌಂಡಿಗೆ ಅಂತ ಹೊರಟು ಅಲ್ಲಿ ಸೇರಿ ಖುಷಿಯಾಗಿರೋರನ್ನ ನಾನು ನೋಡಿದೀನಿ.

ಪ್ರಶ್ನೆ: ಮೇಡಂ, ನಾನು ಓದೋನಲ್ಲ, ಸಂಘದ ಕಾರ್ಯದರ್ಶಿ. ಪ್ರತಿ ರಾಜ್ಯೋತ್ಸವಕ್ಕೂ ಮೈಕು ಕುಂಯ್ಯ್ ಅಂತ ಕಿರುಚತ್ತೆ. ನಿಮ್ಮ ಸ್ಟೂಡೆಂಟ್ ಯಾರನ್ನಾದ್ರೂ ಕಳಿಸ್ತೀರಾ?
(ಶ್ರೀನಗರ)

ಉತ್ತರ: ಕಳಿಸ್ತೀನಿ ಸರ್, ಊಟದ ಜೊತೆ ದುಡ್ಡೂ ಕೊಡೋದಾದ್ರೆ. ಅಲ್ಲಿತನಕ ಮೂರು ಕೆಲ್ಸ ಮಾಡಿ. ಸ್ಪೀಕರ್ ಬಾಕ್ಸ್‌ಗಳನ್ನ ಮೈಕಿಗಿಂತ ಮುಂದೆ, ಜನರ ಕಡೆ ತಂದಿಡಿ, ಭಾಷಣಕಾರರ ಬೆನ್ನಿಗೆ ಬೇಡ. ವೇದಿಕೆ ಮೇಲಿನ ಎಂಟು ಜನಕ್ಕೂ ಎಂಟು ಮೈಕ್ ತೆರೆದಿಡ್ಬೇಡಿ, ತೆರೆದ ಮೈಕು ಎರಡರಷ್ಟಾದಾಗೆಲ್ಲ ಕಿರುಚದೆ ಏರಿಸ್ಬಹುದಾದ ಸೌಂಡಲ್ಲಿ 3 ಡಿಬಿ ಕಳ್ಕೋತೀರ, ಮಾತಾಡೋರದ್ದು ಮಾತ್ರ ಆನ್ ಇರ್ಲಿ. ಮತ್ತೆ ಶಾಸಕರಿಗೆ ನಯವಾಗಿ ಹೇಳಿ, ಮೈಕಿನ ಜಾಲರಿ ತಲೇನ ಮುಷ್ಟಿಯಲ್ಲಿ ಹಿಡೀಬೇಡಿ, ಹಂಗೆ ಹಿಡಿದ್ರೆ ಹಿಂದಿಂದ ಬರೋ ಸದ್ದು ತಡೆಯೋ ಅದರ ಗುಣ ಹೋಗಿ ಎಲ್ಲಾ ಕಡೆಯಿಂದ್ಲೂ ಎಳ್ಕೊಳ್ಳತ್ತೆ, ಕಿರುಚೋದು ಅದಕ್ಕೇ. ರಾತ್ರಿ ಹತ್ತಕ್ಕೆ ನಿಲ್ಲಿಸ್ಬೇಕು ಅಂತ 2000ನೇ ಇಸವಿಯಿಂದ ರೂಲ್ಸಿದೆ, ಆರ್ಕೆಸ್ಟ್ರಾದೋರ ಕೊನೇ ಹಾಡು ಹತ್ತೂ ಕಾಲಕ್ಕೆ ಹೋಗಿ ಪೊಲೀಸ್ನೋರು ಬಂದ್ರೆ ಈ ಅಂಕಣದ ಹೆಸರು ಹೇಳ್ಬೇಡಿ.